ಬಾಜೂಕ ಕುಂತವರು

— ಮಾಮಾ, ಪೇಟಿ ಆಮ್ಯಾಲ ಒರಸೀರಂತ. ಮೊದಲ ಇಲ್ಲಿ ಬಂದು ಇದೊಂದು ನೋಡ್ರಿ.

— ಧೂಳ ನೋಡವ್ವಾ ಎಷ್ಟ ಕುಂತದ. ಹೈದರಾಬಾದ್ ರೋಡಿನ ಊರು ನಮ್ಮ ಬೋರಾಮಣಿ, ಹಗಲೂ ರಾತ್ರಿ ಟ್ರಕ್ಕು. ರೀಡಿನ ಸಂದಿನಾಗ ಒಂದು ಕಸರು ಸಿಕ್ರ ಸಾಕು, ಆ ಸ್ವರ ಭಜನಿ ಮುಗಿಯೂತನ ಕೆಮ್ಮತದ. ಇವತ್ತ ಸೋಮವಾರ, ಸಂಜಿಗೆ ಭಜನಿ ಅದ. ಒರಸ್ಕೋತನ ನೋಡ್ತೀನಿ, ಹಚ್ಚು.

— ಒರಸ್ಕೋತ ನೋಡೂದಲ್ರಿ ಇದು. ಅರಬಿ ಕೆಳಗ ಇಡ್ರಿ.

— ಇಟ್ಟೆ. ಹೂಂ. ಬಿಳೀ ಕರೀ ಚಿತ್ರ. ಯಾವ ಊರಿದು?

— ಡೆನ್ಮಾರ್ಕಿನ ಕೋಪನ್‌ಹೇಗನ್. ಟಿ.ವಿ.ಯವರು ತಗದದ್ದು, 1967ರ ಅಕ್ಟೋಬರ್ 11ಕ್ಕ. ಹಾಡವರು ಅಮೆರಿಕದ ಕಪ್ಪು ಜನ. ಇವರ ಹಾಡಿಗೆ ಬ್ಲೂಸ್ ಅಂತಾರ. ಮುಂದ ನಿಂತು ಹಾಡಾಕಿ ಕೋಕೊ ಟೇಲರ್. ಗಿಟಾರ್ ಹಿಡದಾಂವ ಹೌಂಡ್ ಡಾಗ್ ಟೇಲರ್. ಅಡ್ಡಹೆಸರು ಒಂದ, ಬಳಗ ಅಲ್ಲ.

— ಆಕಿ ದನಿ ಛಲೋ ಅದ. ಎದಿಯಿಂದ ಎತ್ತತಾಳ. ಆದ್ರ ತಡಿ, ಹಿಂದಕ್ಕ ತಗೊ. ಬಾಜೂಕ ಬಾಯಿಗೆ ಏನೋ ಹಿಡಕೊಂಡು ನಿಂತಾನಲ್ಲ, ಅವ ಯಾರು?

— ಅವನ್ನ ತೋರಸಾಕನ ನಿಮ್ಮನ್ನ ಕರದೀನ್ರಿ! ನಾ ಹೇಳೂಕಿಂತ ಮೊದಲ ಹ್ಯಾಂಗ ಕಣ್ಣಿಗೆ ಬಿದ್ದ ನಿಮಗ?

— ಐವತ್ತು ವರ್ಷ ನಾ ಅಲ್ಲೇ ಕುಂತೀನಿ, ಹಾಡವರ ಬಾಜೂಕ. ಯಾವ ಕಛೇರಿ ನೋಡಿದ್ರೂ ನನ್ನ ಕಣ್ಣು ಮೊದಲ ಆ ಮೂಲಿಗೇ ಹೋಗ್ತದ. ಹಾಡಾಕಿ ಸಾಲು ಮುಗಸೂತನ ಅವ ತಡೀತಾನ. ಉಸರು ತಗೊಳ್ಳೂ ಒಂದು ಸಂದು ಸಿಕ್ಕಕೂಡ್ಲೆ ಒಳಗ ಹೊಕ್ಕು ತುಂಬತಾನ, ಮತ್ತ ಹೊರಗ ಬರ್ತಾನ. ಇದನ್ನ ಕಲಿಯಾಕ ನನಗ ಹದಿನೈದು ವರ್ಷ ಹಿಡೀತು. ಹೆಸರೇನವಂದು?

— ಲಿಟ್ಲ್ ವಾಲ್ಟರ್. ಹೆತ್ತವರು ಇಟ್ಟ ಹೆಸರು ಮೇರಿಯನ್ ವಾಲ್ಟರ್ ಜೇಕಬ್ಸ್. ಲೂಸಿಯಾನಾ ರಾಜ್ಯದ ಮಾರ್ಕ್ಸ್‌ವಿಲ್ ಊರಾಗ ಹುಟ್ಟಿ, ಹುಡುಗ ಇದ್ದಾಗನ ಶಿಕಾಗೋಕ್ಕ ಬಂದಾಂವ. ಅಲ್ಲಿ ಮಡ್ಡಿ ವಾಟರ್ಸ್ ಅಂತ ದೊಡ್ಡ ಹಾಡುಗಾರ, ಅವರ ಬಾಜೂಕ ನಿಂತು ಬಾರಿಸಿದ. ಬಾಯಾಗಿಂದು ಮೌತ್ ಆರ್ಗನ್. ಹಾರ್ಮೋನಿಕಾ ಅಂತ ಅದರ ಹೆಸರು. 1952ರಾಗ 'ಜ್ಯೂಕ್' ಅಂತ ಇವನ ಒಂದು ಪ್ಲೇಟು ಬಂತು. ಹಾಡಿಲ್ಲ, ಬರೀ ವಾದನ. ಕಪ್ಪು ಜನರ ಸಂಗೀತದ ಮಾರಾಟದ ಪಟ್ಟಿಯೊಳಗ ಎಂಟು ವಾರ ಒಂದನೇ ನಂಬರಿನ್ಯಾಗ ನಿಂತಿತ್ತು. ಬರೀ ಹಾರ್ಮೋನಿಕಾ ವಾದನ ಆ ಜಾಗಾಕ್ಕ ಮತ್ತೆಂದೂ ಏರಿಲ್ಲ.

— ಅಷ್ಟು ದೊಡ್ಡಾಂವ ಇಲ್ಲಿ ಮೂಲ್ಯಾಗ ನಿಂತಾನ?

— ಆ ವ್ಯಾಳ್ಯಾಕ್ಕ ಅವನ ಹೆಸರು ಇಳದಿತ್ರಿ. ಜನಕ್ಕ ಬ್ಯಾರೆ ಹಾಡು ಬೇಕಾಗಿದ್ವು. ಯೂರೋಪಿನಾಗ ಮಾತ್ರ ಬ್ಲೂಸ್ ಅಂದ್ರ ಜೀವ ಬಿಡೂ ಮಂದಿ ಇದ್ರು. ಜರ್ಮನಿಯ ಹೋರ್ಸ್ಟ್ ಲಿಪ್‌ಮನ್, ಫ್ರಿಟ್ಜ್ ರಾವ್ ಅನ್ನವರು ಇಬ್ಬರು 1962ರಿಂದ ಅಮೆರಿಕದ ಹಳೇ ಕಲಾವಿದರನ್ನ ಕರಸಿ ಊರೂರು ಕಛೇರಿ ಮಾಡಸ್ತಿದ್ರು. ಟಿ.ವಿ.ಯವರು ಅದನ್ನ ಚಿತ್ರ ತಗದು ಇಟ್ರು. ಅಮೆರಿಕದಾಗ ಆ ಕಲಾವಿದರ ಮುಂದ ಕ್ಯಾಮೆರಾ ಇಟ್ಟವರು ಬಾಳ ಕಡಿಮಿ. ಇಲ್ಲಿ ನೀವು ನೋಡೂ ಲಿಟ್ಲ್ ವಾಲ್ಟರ್‌ಗೆ ವಯಸ್ಸು ಮೂವತ್ತೇಳು. ನಾಕು ತಿಂಗಳು ಆದ ಮ್ಯಾಲ, 1968ರ ಫೆಬ್ರವರಿ 15ಕ್ಕ, ಶಿಕಾಗೋದಾಗ ತೀರಿಕೊಂಡ. ಯಾರದೋ ಕೂಡ ಜಗಳಾಡಿ ಪೆಟ್ಟು ತಿಂದು ಬಂದು ಮಲಗಿದಾಂವ, ಎದ್ದೇ ಇಲ್ಲ.

— ಮೂವತ್ತೇಳ? ಮಾರಿ ನೋಡಿದ್ರ ಐವತ್ತರಾಂವ ಕಂಡಂಗ ಕಾಣ್ತಾನಲ್ಲವ್ವಾ.

— ಹೌದ್ರಿ. ಈ ಚಿತ್ರ ಪೆಟ್ಟಿಗ್ಯಾಗ ಬಿದ್ದಿತ್ತು. ಡಿ.ವಿ.ಡಿ. ಆಗಿ ಮಂದಿ ಕೈಗೆ ಬಂದದ್ದು 2004ರಾಗ. ಅದ ಪ್ರವಾಸದಾಗ ಜರ್ಮನಿಯ ಟಿ.ವಿ.ಯವರು ತಗದ ಇನ್ನೊಂದು ರೀಲು ಸಿಕ್ಕು 2009ರಾಗ ಹೊರಗ ಬಂತು. ಅದರಾಗ ಅವ ತಾನೇ ಮುಂದ ನಿಂತು ಹಾಡ್ತಾನ. ಅವ ಹಾಡೂದು ಕಣ್ಣಿಗೆ ಕಾಣೂ ಚಿತ್ರ ಇಡೀ ಜಗತ್ತಿನಾಗ ಅದೊಂದ ಅಂತಾರ. ಈ ಚಿತ್ರ ಸಿಗೂತನ ಮಂದಿ ಪ್ಲೇಟು ಕೇಳಿ ಕೇಳಿ ಅವನ್ನ ಕಲತಾರ, ಅವ ಹ್ಯಾಂಗ ನಿಲ್ತಾನ, ಎಲ್ಲಿ ಉಸರು ಎಳೀತಾನ, ಒಬ್ಬರಿಗೂ ಗೊತ್ತಿಲ್ಲ.

— ಪೇಟಿ ಆದ್ರ ಬೆರಳು ಕಾಣ್ತಾವ. ಇದು ಬಾಯೊಳಗ. ಮುಂದ ಮುಷ್ಟಿ ಮುಚ್ಚಿರ್ತದ. ಎದುರು ಕುಂತು ನೋಡಿದ್ರೂ ಏನು ತಿಳೀತದ?

— ನಾನೂ ಮೊದಲ ಹಂಗ ಅನಕೊಂಡಿದ್ದೆ. ಆದ್ರ ಗಲ್ಲ ನೋಡ್ರಿ, ಗಂಟಲು ನೋಡ್ರಿ, ಹೆಗಲು ನೋಡ್ರಿ. ಎಲ್ಲಿ ಎದಿ ಏರ್ತದೋ ಅಲ್ಲಿ ಒಳಗ ಎಳ್ಯಾಕ ಹತ್ಯಾನ ಅಂತ ಅರ್ಥ. ಬ್ಲೂಸಿನ ಗುಟ್ಟೆಲ್ಲಾ ಎಳ್ಯೂ ಉಸರಿನಾಗ ಅದ.

— ಹ್ಯಾಂಗ? ಬಿಡಿಸಿ ಹೇಳು.

— ನನ್ನ ಕಡೆ ಒಂದು ಅದ, ಪುಣೆದಾಗ ತಗೊಂಡಿದ್ದು. ಹಿಡೀರಿ. ಹತ್ತು ತೂತು. ಒಂದೊಂದು ತೂತಿಗೆ ಎರಡೆರಡು ರೀಡು: ಊದಿದ್ರ ಒಂದು ಸ್ವರ, ಎಳದ್ರ ಇನ್ನೊಂದು.

— ಮ್ಯಾಲಿನ ತಗಡು ತಗದು ತೋರಸು. ಅಯ್ಯ! ಇದು ನನ್ನ ಪೇಟಿ ಹೊಟ್ಟ್ಯಾಗಿನ ರೀಡ ಅಲ್ಲ? ಹಿತ್ತಾಳಿ ಪಟ್ಟಿ, ಒಂದು ತುದಿಗೆ ಬಡದದ, ಇನ್ನೊಂದು ತುದಿ ಗಾಳಿ ಬಂದಂಗ ನಡಗ್ತದ. ಬೆರಳಿನ ಉಗುರಿನಷ್ಟು ಸಣ್ಣದು ಮಾಡ್ಯಾರ, ಅಷ್ಟ.

— ಅದಕ್ಕ ನಿಮ್ಮ ಕಡೆ ತಂದೀನ್ರಿ. ಎರಡೂ ಯೂರೋಪಿನಾಗ ಹೆಚ್ಚುಕಡಿಮಿ ಒಂದ ಕಾಲದಾಗ ಬೆಳದಾವ. ಹಾರ್ಮೋನಿಯಂ ಅನ್ನೂ ಹೆಸರಿಗೆ ಪ್ಯಾರಿಸಿನ ಅಲೆಕ್ಸಾಂಡ್ರ್ ದಬೆನ್ 1842ರಾಗ ಪೇಟೆಂಟ್ ತಗೊಂಡ. ಜರ್ಮನಿಯ ಟ್ರೊಸಿಂಗನ್ ಊರಾಗ ಮಥಿಯಾಸ್ ಹೋನರ್ 1857ರಾಗ ಹಾರ್ಮೋನಿಕಾ ಮಾಡಾಕ ಹತ್ತಿದ. ಒಂದು ಕಲಕತ್ತಾಕ್ಕ ಬಂತು. ಕಾಲಿಲೆ ತುಳಿಯೂ ಪೇಟಿನ ದ್ವಾರಕಾನಾಥ ಘೋಷ್ ಅವರು ನೆಲಕ್ಕ ಕುಂತು ಕೈಲೆ ಭಾತೆ ಒತ್ತೂ ಹಂಗ ಮಾಡಿದ್ರು. ಇನ್ನೊಂದು ಅಮೆರಿಕಾಕ್ಕ ಹೋಗಿ ಹತ್ತೀ ಹೊಲದ ಕೂಲಿ ಮಾಡವರ ಕಿಸೇದಾಗ ಕುಂತಿತು. ಹಗರ, ಸೋವಿ.

— ಹತ್ತಿ. ನಮ್ಮಪ್ಪ ಸೊಲ್ಲಾಪುರದ ಗಿರಣ್ಯಾಗ ನೂಲಿನ ಖಾತೆದಾಗ ಇದ್ದ. ಪಾಳಿ ಮುಗಿಸಿ ಬಂದು ರಾತ್ರಿ ಭಜನಿ ಮಾಡ್ತಿದ್ರು. ಹತ್ತಿ ಧೂಳಿಲೆ ಅವನ ಗಂಟಲು ಕೂತಿತ್ತು, ಆದ್ರೂ ತಾಳ ಬಿಡಲಿಲ್ಲ. ಇರಲಿ. ಎಳ್ಯೂ ಉಸರಿನ ಗುಟ್ಟು ಹೇಳ್ತಿದ್ದಿ.

— ಇದು ಸಿ ಪಟ್ಟಿ ಹಾರ್ಮೋನಿಕಾ, ಅಂದ್ರ ನಿಮ್ಮ ಬಿಳಿ ಒಂದು. ಬ್ಲೂಸಿನವರು ಇದನ್ನ ಬಿಳಿ ಒಂದರಿಂದ ಬಾರಸೂದಿಲ್ಲ. ಎರಡನೇ ತೂತು ಎಳದಾಗ ಬರೂ ಸ್ವರಕ್ಕ ಸಾ ಅಂತಾರ. ಅಂದ್ರ ಪಂಚಮಾನ ಷಡ್ಜ ಮಾಡ್ಕೋತಾರ. ಆಗ ಮೂರನೇ ತೂತು ಎಳದ್ರ ಏನು ಬರ್ತದ, ಕೇಳ್ರಿ.

— ಶುದ್ಧ ಗಾಂಧಾರ.

— ಈಗ ನಾಲಿಗಿ ಹಿಂದಕ್ಕ ಸರಿಸಿ, ಗಂಟಲು ಸ್ವಲ್ಪ ತಗ್ಗಸ್ತೀನಿ. ಉಸರು ಅದ, ತೂತು ಅದ.

— ಏ, ಇಳೀತಲ್ಲ! ಕೋಮಲ ಗಾಂಧಾರಕ್ಕ ಜಾರಿತು. ಇನ್ನೊಮ್ಮೆ ಮಾಡು. ನಡು ನಿಲ್ಲಸು. ಅಲ್ಲೇ, ಅಲ್ಲೇ ಹಿಡಿ... ಶುದ್ಧನೂ ಅಲ್ಲ, ಕೋಮಲನೂ ಅಲ್ಲ. ಎರಡರ ನಡಬರಕ. ಯಾವ ಮನಿ ಒತ್ತಿದ್ರೂ ನನ್ನ ಪೇಟ್ಯಾಗ ಈ ಸ್ವರ ಸಿಗೂದಿಲ್ಲ.

— ಬ್ಲೂಸಿನ ಜೀವ ಆ ನಡಬರಕಿನ ಜಾಗಾದಾಗ ಅದ. ಒಂದ ತೂತಿನ ಎರಡು ರೀಡು ಆಗ ಕೂಡಿ ಕೆಲಸಾ ಮಾಡ್ತಾವ. ಎತ್ತರದ ಸ್ವರದ ರೀಡು ಬಾಯಿ ಆಕಾರಕ್ಕ ಮಣಿದು ಇಳೀತದ, ಬಾಜೂದ ತಗ್ಗಿನ ರೀಡು ಮಿಡದು ಅದರ ಜಾಗಾ ತಗೋತದ. ಮೂರನೇ ತೂತಿನಾಗ ಹಿಂಗ ಮೂರು ಮನಿ ಇಳಿಸಬಹುದು.

— ಮೀಂಡ ಇದು, ಬ್ಯಾರೆ ಏನಲ್ಲ. ನಮ್ಮ ಪೇಟಿಗೆ ಮೀಂಡ ಬರೂದಿಲ್ಲ ಅಂತ ಎಷ್ಟ ಬೈಸಿಕೊಂಡೀವಿ! ರೇಡಿಯೋದಿಂದ ಹೊರಗ ಹಾಕಿದ್ರು, ಗೊತ್ತದ ಇಲ್ಲ ನಿನಗ?

— ಓದೀನ್ರಿ. 1940ರ ಮಾರ್ಚ್ 1ರಿಂದ.

— ನಾ ಹುಟ್ಟೂಕಿಂತ ಮೊದಲ. ಧಾರವಾಡ ಆಕಾಶವಾಣಿ ಚಾಲೂ ಆಗಿದ್ದು 1950ರ ಜನವರಿ 8ಕ್ಕ, ಅಲ್ಲೂ ಅದ ಕಟ್ಟಳೆ. ನನ್ನ ಹುಡುಗತನದಾಗ ಮನ್ಯಾಗ ರೇಡಿಯೊ ಇತ್ತು. ಮನ್ಸೂರ ಬುವಾ ಹಾಡವರು, ರಾಜಗುರು ಹಾಡವರು, ಗಂಗೂಬಾಯಿ ಹಾಡವರು. ಹಿಂದ ಸಾರಂಗಿ. ಪೇಟಿ ಇಲ್ಲ. ಕೀರ್ತನಕ್ಕ ಪೇಟಿ ಬೇಕು, ನಾಟಕಾಕ್ಕ ಬೇಕು, ಭಜನಿಗೆ ಬೇಕು, ಮದಿವಿಗೆ ಬೇಕು. ಸರಕಾರದ ರೇಡಿಯೋಕ್ಕ ಮಾತ್ರ ಬ್ಯಾಡ. ಆ ಬಾಗಲು ತೆರದದ್ದು 1971ಕ್ಕ. ಅದೂ ಸಾಥಿಗೆ ಅಷ್ಟ. ಆವಾಗ ನನಗ ಹದಿನೆಂಟು. ನಮ್ಮ ಮಾಸ್ತರು ಆ ಸುದ್ದಿ ಕೇಳಿ ಪೇಟಿ ಮುಂದ ಕುಂತು ಬಾಳ ಹೊತ್ತು ಮಾತಾಡಲಿಲ್ಲ. ಮೂವತ್ತೊಂದು ವರ್ಷ ಅಂದ್ರ ಒಬ್ಬ ವಾದಕನ ಇಡೀ ಆಯುಷ್ಯ. ಆ ಮೂವತ್ತೊಂದು ವರ್ಷದಾಗ ಯಾರ್ಯಾರು ಏನೇನು ಬಾರಿಸ್ಯಾರ, ರೇಡಿಯೋದ ಯಾವ ಟೇಪಿನ ಮ್ಯಾಲೂ ಇಲ್ಲ.

— ಟಾಗೋರರು ಸುದ್ದಾ ಆ ನಿಷೇಧಕ್ಕ ಒಪ್ಪಿಗಿ ಕೊಟ್ಟಿದ್ರು.

— ದೊಡ್ಡವರು. ಅವರ ಕಿವಿಗೆ ಅದು ಚುಚ್ಚಿರಬೇಕು, ಸುಳ್ಳಲ್ಲ. ದರಬಾರಿ ಕಾನಡಾದ ಗಾಂಧಾರ ತಗೊ. ಹಾಡವ ಅದನ್ನ ತೂಗ್ತಾನ, ಕೆಳಗಿಂದ ಎತ್ತಿ ಅಲಗಾಡಿಸ್ತಾನ. ಪೇಟಿ ಗಾಂಧಾರ ಅಲ್ಲಿ ಗೂಟ ಬಡದಂಗ ನಿಲ್ತದ. ಇದನ್ನ ನಮ್ಮ ಮಾಸ್ತರು ಮೊದಲ ದಿನಾನ ಹೇಳಿದ್ರು: ಪೇಟಿಗೆ ಬರಲಾರದ ಜಾಗಾ ಬಂದಾಗ ಬೆರಳು ಎತ್ತಬೇಕು. ಸುಳ್ಳು ಸ್ವರ ಕೊಡಬಾರದು. ಹಾಡವ ಆ ಗಾಂಧಾರ ತೂಗಿ ರಿಷಭಕ್ಕ ಇಳದ ಮ್ಯಾಲ ಮತ್ತ ಕೂಡಬೇಕು. ನಿಷೇಧ ಹಾಕಿದವರು ಕೈ ಒತ್ತಿದ್ದಷ್ಟ ಕೇಳ್ಯಾರ. ಕೈ ಎತ್ತಿದ್ದು ಕೇಳಿಲ್ಲ.

— ಅದು ಹ್ಯಾಂಗ ಕೇಳಬೇಕ್ರಿ ಮಾಮಾ? ಎತ್ತಿದ ಕೈಗೆ ಸಪ್ಪಳ ಇಲ್ಲಲ್ಲ.

— ಅಲ್ಲೇ ನೋಡು! ಪ್ಲೇಟಿನ್ಯಾಗ ಅದು ಏನೂ ಇಲ್ಲದ ಜಾಗಾ. ಎದುರು ಕುಂತವರಿಗೆ ಮಾತ್ರ ಗೊತ್ತು: ಪೇಟಿಯಾಂವ ಬೆರಳು ಎತ್ತಿದ, ಭಾತೆ ಹಿಡದ, ಹಾಡವನ ಮಾರಿ ನೋಡ್ಕೋತ ಉಸರು ಬಿಗಿಹಿಡದು ಕುಂತ. ಅದಕ್ಕ ನನಗ ನಿನ್ನ ಈ ಚಿತ್ರ ಬಾಳ ಹಿಡಿಸ್ತು. ಈ ವಾಲ್ಟರ್ ಸುಮ್ಮಿದ್ದದ್ದು ಇದರಾಗ ಕಾಣ್ತದ.

— ನಾ ಅದನ್ನ ನೋಡಿರಲಿಲ್ರಿ. ಅವ ಬಾರಿಸಿದ್ದನ್ನಷ್ಟ ನೋಡಿದ್ದೆ.

— ಆ ಗಿಟಾರಿನವನ ಎಡಗೈ ಹತ್ತರ ತಗೊಂಡು ತೋರಸು.

— ಯಾಕ್ರಿ?

— ಏನೋ ಬ್ಯಾರೆ ಕಂಡ್ಹಂಗಾತು.

— ಹೌಂಡ್ ಡಾಗ್‌ನ ಎಡಗೈಗೆ ಆರು ಬೆರಳು ಇದ್ವು. ಹುಟ್ಟಾ.

— ನೋಡಿದ್ಯಾ! ಪ್ಲೇಟು ಸಾವಿರ ಸಲ ಕೇಳಿದ್ರೂ ಬೆರಳಿನ ಲೆಕ್ಕ ಗೊತ್ತಾಗೂದಿಲ್ಲ.

— ಮಾಮಾ, ನಮ್ಮ ಕಡೆ ಹಿಂತಾ ಚಿತ್ರ ಯಾರವ ಇರಬೇಕ್ರಿ? ನಿಮ್ಮ ಗೋವಿಂದರಾವ್ ಟೇಂಬೆ ಅವರದು?

— ಹೇಳ್ತೀನಿ ಕೇಳು. ಟೇಂಬೆ ಅವರು ಅಂದ್ರ ಪೇಟಿ ಮಂದಿಗೆ ದೇವರಿದ್ದಂಗ. ಭಾಸ್ಕರಬುವಾ ಬಖಲೆ ಅವರಿಗೆ ಸಾಥ್ ಮಾಡಿದವರು. 1911ರಾಗ 'ಮಾನಾಪಮಾನ' ನಾಟಕಕ್ಕ ಚಾಲಿ ಕಟ್ಟಿದವರು. ಅವರ ಚಿತ್ರ ಅದ! 1932ರ 'ಅಯೋಧ್ಯೇಚಾ ರಾಜಾ', ಪ್ರಭಾತದವರದು, ಮೊದಲನೇ ಮರಾಠಿ ಮಾತಿನ ಸಿನಿಮಾ. ಅದರ ಸಂಗೀತನೂ ಅವರದ. ಆದ್ರ ಚಿತ್ರದಾಗ ಅವರು ಯಾರಾಗ್ಯಾರ ಗೊತ್ತೇನು? ಹರಿಶ್ಚಂದ್ರ. ದುರ್ಗಾ ಖೋಟೆ ತಾರಾಮತಿ. ಅಷ್ಟು ದೊಡ್ಡ ಪೇಟಿಗಾರನ ಮಾರಿ ನೋಡಬಹುದು, ನಡಿಗಿ ನೋಡಬಹುದು, ದನಿ ಕೇಳಬಹುದು. ನೋಡಬೇಕಂತ ಆಸೆಪಟ್ಟದ್ದು ಪೇಟಿ ಮ್ಯಾಲಿನ ಕೈ. ನಮಗ ಸಿಕ್ಕದ್ದು ಸುಡುಗಾಡ ಕಾಯೂ ರಾಜ.

— 'ಸನಾದಿ ಅಪ್ಪಣ್ಣ' ಸಿನಿಮಾದಾಗ ಇದಕ್ಕ ತಿರುವು ಅದ. ಬೆರಳು ರಾಜಕುಮಾರರದು, ಉಸರು ಬಿಸ್ಮಿಲ್ಲಾ ಖಾನ್ ಸಾಹೇಬರದು.

— 1977. ನಾ ವಿಜಾಪುರಕ್ಕ ಹೋಗಿ ನೋಡಿ ಬಂದೆ. ರಾಜಕುಮಾರರು ಬೆರಳು ಎಷ್ಟ ಚಂದ ಇಟ್ಟಾರ, ಗಲ್ಲ ಎಷ್ಟ ಚಂದ ಉಬ್ಬಿಸ್ಯಾರ. ಅವರು ಕಲತು ಮಾಡಿದ ಕೆಲಸ ಅದು, ಅವರ ಮ್ಯಾಲ ನನಗ ಬಾಳ ಮರ್ಯಾದಿ. ಆದ್ರೂ ನನ್ನ ಮನಸು ಬ್ಯಾರೆ ಕಡೆ ಹೋಗ್ತಿತ್ತು: ಈ ತಾನಿಗೆ ಖಾನ್ ಸಾಹೇಬರ ಹುಬ್ಬು ಹ್ಯಾಂಗ ಏರಿತ್ತೋ?

— ಮೌತ್ ಆರ್ಗನ್ನಿಂದೂ ಹಂಗ ಅದ. 1964ರ 'ದೋಸ್ತಿ'.

— ಏ! ಅದನ್ನ ನಾ ಸೊಲ್ಲಾಪುರದಾಗ ಮೂರು ಸಲ ನೋಡೀನಿ. ಕುಂಟ ಹುಡುಗ ರಸ್ತೆದಾಗ ಕುಂತು ಬಾರಸ್ತಾನ. ಆ ದಿನ ನನಗೂ ಒಂದು ಬೇಕಂತ ಅತ್ತಿದ್ದೆ. ಮುಂದ ಗಡ್ಡಾ ಜಾತ್ರಿಯೊಳಗ ಅಪ್ಪ ಒಂದು ಕೊಡಿಸಿದ. ಸಂಕ್ರಾಂತಿ, ಸಿದ್ಧರಾಮೇಶ್ವರರ ನಂದಿಕೋಲು ಹೊಂಟಿದ್ವು. ಹಲಗಿ ಸಪ್ಪಳದಾಗ ನನ್ನ ಬಾಜಾ ನನಗ ಕೇಳ್ತಿದ್ದಿಲ್ಲ. ಮನಿಗೆ ಬರೂದ್ರಾಗ ಎರಡು ಸ್ವರ ಹೋಗಿದ್ವು.

— ಆ 'ದೋಸ್ತಿ'ಯೊಳಗ ಹಾರ್ಮೋನಿಕಾ ಬಾರಿಸಿದಾಂವ ತೆರಿ ಮ್ಯಾಲಿನ ಹುಡುಗ ಅಲ್ರಿ. ಆರ್. ಡಿ. ಬರ್ಮನ್.

— ಪಂಚಮ? ಸಂಗೀತ ಲಕ್ಷ್ಮೀಕಾಂತ-ಪ್ಯಾರೇಲಾಲರದು ಅಲ್ಲೇನು?

— ಸಂಗೀತ ಅವರದ. ಗೆಳೆತನಕ್ಕ ಪಂಚಮ ಬಂದು ಬಾರಿಸಿ ಹೋದ್ರು. 'ಸೋಲ್ವಾ ಸಾಲ್' ಸಿನಿಮಾದ ಟ್ರೇನಿನ ಹಾಡು ನೆನಪದ? 1958. ಅದರಾಗೂ ಉಸರು ಅವರದ, ತೆರಿ ಮ್ಯಾಲಿನ ಬಾಯಿ ಬ್ಯಾರೆಯವರದು.

— ಅರವತ್ತು ವರ್ಷ ನಾ ಆ ಹುಡುಗನ ಬಾಯಿ ನಂಬೀನಿ. ಇರಲಿ, ಹುಡುಗಂದೇನು ತಪ್ಪಿಲ್ಲ.

— ಅದಕ್ಕ ಈ ಕೋಪನ್‌ಹೇಗನ್ನಿನ ಚಿತ್ರಕ್ಕ ಮಂದಿ ಇಷ್ಟು ಜೀವ ಹಚ್ಚಿಕೊಂಡದ್ದು. ಇಲ್ಲಿ ಕಾಣೂ ಬಾಯಿ, ಕೇಳೂ ಉಸರು, ಎರಡೂ ಒಬ್ಬನವ, ಒಂದ ಗಳಿಗ್ಯಾಗಿನವ.

— ನಮ್ಮ ಮಾಸ್ತರದು ಒಂದು ಕ್ಯಾಸೆಟ್ ಇತ್ತು. ನಿನಗ ಹೇಳಿರಲಿಲ್ಲ ನಾ.

— ಹಾಡಿಂದು?

— ಚಿತ್ರದ್ದು. ವಿ.ಎಚ್.ಎಸ್. 1991. ಒಬ್ಬ ಶ್ರೀಮಂತರ ಮನಿ ಮದಿವಿ, ಹಿಂದಿನ ರಾತ್ರಿ ಅಭಂಗ, ವಚನದ ಕಾರ್ಯಕ್ರಮ ಇಟ್ಟಿದ್ರು. ಸೊಲ್ಲಾಪುರದಿಂದ ವಿಡಿಯೊ ಶೂಟಿಂಗಿನಾಂವ ಬಂದಿದ್ದ. ದೊಡ್ಡ ದೀಪ, ಹೆಗಲ ಮ್ಯಾಲ ಕ್ಯಾಮೆರಾ. ಮಾಸ್ತರಿಗೆ ಆಗ ಎಪ್ಪತ್ತು ದಾಟಿತ್ತು. ಮಧ್ಯರಾತ್ರಿ ಆದ ಮ್ಯಾಲ ಹಾಡವರು ಚಹಾಕ್ಕ ಎದ್ರು, ಇವರೊಬ್ಬರ ಕುಂತು ಕಾಲು ತಾಸು ಜೋಗಿಯಾ ಬಾರಿಸಿದ್ರು. ತಬಲಾ ಇಲ್ಲ, ಏನಿಲ್ಲ. ಜೋಗಿಯಾಕ್ಕ ಅದು ಹೊತ್ತಲ್ಲ, ನಸುಕಿನ ರಾಗ ಅದು. ಕೇಳಿದ್ರ, ಮುಂಜಾನೆ ನಾ ಎಚ್ಚರ ಇರ್ತೀನೋ ಇಲ್ಲೋ ಅಂದ್ರು. ಅಂಥಾ ಜೋಗಿಯಾ ನಾ ಮತ್ತ ಕೇಳಿಲ್ಲ. ಕ್ಯಾಮೆರಾದ ಕೆಂಪು ದೀಪ ಹತ್ತಿತ್ತು. ನಾ ನೋಡೀನಿ.

— ಸಿಕ್ತೇನ್ರಿ?

— ಆರು ತಿಂಗಳಾದ ಮ್ಯಾಲ ಆ ಮನಿಯವರ ಕಾಲು ಹಿಡಿದು ಕ್ಯಾಸೆಟ್ ತಂದೆ. ಊರಾಗ ಒಬ್ಬರ ಮನ್ಯಾಗ ವಿ.ಸಿ.ಆರ್. ಇತ್ತು. ಮಾಸ್ತರನ್ನ ಕರಕೊಂಡು ಹೋಗಿ ಖುರ್ಚಿ ಮ್ಯಾಲ ಕುಂದರಿಸಿದೆ. ಅರಿಷಿಣ ಬಂತು, ಅಕ್ಕಿಕಾಳು ಬಂತು, ಊಟದ ಪಂಕ್ತಿ ಬಂತು. ಆಮ್ಯಾಲ ಆ ರಾತ್ರಿ. ಮಾಸ್ತರು ಕಂಡ್ರು. ಮೊದಲ ಮೊಣಕೈ, ಆಮ್ಯಾಲ ಕೈ, ಆಮ್ಯಾಲ ಮಾರಿ. ಕಣ್ಣು ಮುಚ್ಚ್ಯಾರ. ಬೆರಳು ಹರದಾಡ್ತಾವ... ಮ್ಯಾಲ ಸಿನಿಮಾ ಹಾಡು.

— ಏನಂದ್ರಿ?

— ಆವಾಗೆಲ್ಲಾ ಹಂಗ ಮಾಡ್ತಿದ್ರವ್ವಾ. ಮದಿವಿ ಕ್ಯಾಸೆಟ್ಟಿಗೆ ಅಲ್ಲಿಯ ಸಪ್ಪಳ ತಗದು, ಅಂಗಡ್ಯಾಗ ಕುಂತು ಸಿನಿಮಾ ಹಾಡು ತುಂಬಿ ಕೊಡವರು. ಮಂದಿಗೂ ಅದ ಬೇಕಾಗ್ತಿತ್ತು. ಶೂಟಿಂಗಿನಾಂವಗ ಏನು ಗೊತ್ತು, ಆ ಕಾಲು ತಾಸು ಏನಂತ. ಮೂಲ ಕ್ಯಾಸೆಟ್ ಮ್ಯಾಲ ಮತ್ತೊಂದು ಮದಿವಿ ತಗದಿದ್ದ. ಜೋಗಿಯಾ ಅಳಿಸಿ ಹೋಗಿತ್ತು.

— ಮಾಸ್ತರು ಏನಂದ್ರು?

— ಏನೂ ಅನಲಿಲ್ಲ. ಸುಮ್ಮ ತಮ್ಮ ಬೆರಳು ನೋಡ್ಕೋತ ಕುಂತ್ರು. ಒಂದು ಜಾಗಾದಾಗ, ತಡಿ, ಅಲ್ಲಿ ನಾ ಕೋಮಲ ರಿಷಭ ಮುಟ್ಟಿ ಬಿಟ್ಟೀನಿ, ನೋಡಿದ್ಯಾ ಅಂದ್ರು. ಮ್ಯಾಲ ಸಿನಿಮಾದ ಡೋಲಕ್ಕು. ಅವರಿಗೆ ಮಾತ್ರ ಕೇಳಿಸ್ತು. ಮುಂದ ಎರಡು ಮಳಿಗಾಲ ಹೋದ್ವು, ಟೇಪಿಗೆ ಬೂಸ್ಟು ಹಿಡೀತು, ಚಿತ್ರನೂ ಹೋತು. ಮಾಸ್ತರೂ ಹೋದ್ರು.

— ಮಾಮಾ...

— ಅಳಬ್ಯಾಡ. ನಾ ಅದರ ಸಲುವಾಗಿ ಹೇಳಲಿಲ್ಲ. ಟೇಂಬೆಯವರದು ಮಾರಿ ಉಳೀತು ಕೈ ಹೋತು. ಮಾಸ್ತರದು ಕೈ ಉಳೀತು ನಾದ ಹೋತು, ಆಮ್ಯಾಲ ಕೈನೂ ಹೋತು. ಈ ಲಿಟ್ಲ್ ವಾಲ್ಟರಂದು ಎರಡೂ ಉಳದಾವ. ನನಗ ಹೊಟ್ಟಿಕಿಚ್ಚಿಲ್ಲ. ಸಂತೋಷ ಆತು. ಎಲ್ಲೋ ಒಬ್ಬ ಬಾಜೂಕ ನಿಂತಾಂವ ಪೂರ್ತಿ ಉಳದ.

— ವಿಜಾಪುರೆ ಅವರದು ಅದ ಅಲ್ರಿ? ಬೆಳಗಾವಿಯ ರಾಮಭಾವು ವಿಜಾಪುರೆ.

— ಅದ, ಪುಣ್ಯಾ. ಕಾಗವಾಡದಾಗ 1917ರಾಗ ಹುಟ್ಟಿ 2010ರ ತನಕ ಇದ್ದ ಜೀವ. ಮನ್ಸೂರರು, ಗಂಗೂಬಾಯಿ, ರಾಜಗುರು, ಕುಮಾರ ಗಂಧರ್ವ, ಭೀಮಸೇನ ಜೋಶಿ, ಯಾರಿಗೆ ಬಾರಿಸಿಲ್ಲ ಹೇಳು! ಅವರ ಪೇಟಿ ಹಾಡ್ತಿತ್ತು. ಮೀಂಡ ಬರಲಾರದ ಪೇಟಿಯೊಳಗ ಎರಡು ಸ್ವರ ಹ್ಯಾಂಗ ಕೂಡಸ್ತಿದ್ರು ಅಂದ್ರ, ಕೇಳವನ ಕಿವಿನ ನಡುವಿನ ಜಾಗಾ ತುಂಬಿಕೋತಿತ್ತು. ಮುಪ್ಪಿನ್ಯಾಗ ಅವರು ಬಾರಿಸಿದ್ದು ವಿಡಿಯೊ ಆಗ್ಯದ, ಅದನ್ನ ನಾ ನೂರು ಸಲ ನೋಡೀನಿ. ಆದ್ರ ಅದು ಸೋಲೊ. ಸೋಲೊದಾಗ ಒತ್ತಿದ ಕೈ ಕಾಣ್ತದ. ಹಾಡವರ ಬಾಜೂಕ ಕುಂತಾಗಿನ ಎತ್ತಿದ ಕೈ ಬ್ಯಾರೆ. ಕಛೇರಿ ಚಿತ್ರಗಳೊಳಗ ಕ್ಯಾಮೆರಾ ಯಾವಾಗೂ ಹಾಡವರ ಮಾರಿ ಮ್ಯಾಲನ. ತಾನ ಬಿದ್ದಾಗ ತಬಲಾಕ್ಕ ತಿರುಗ್ತದ. ಪೇಟಿಗೆ ಬರೂದು ಯಾವಾಗ? ಹಾಡವರು ನೀರು ಕುಡಿಯೂ ಮುಂದ.

— ಸುಂದರಿ ಬಾರಸವರ ವಿಡಿಯೊ ನೋಡೀರೇನು?

— ಭೀಮಣ್ಣ ಜಾಧವರದು ನೋಡೀನಿ. ಸನಾದಿಕಿಂತ ಗಿಡ್ಡದು, ದನಿ ಎಳೀದು. ಅಕ್ಕಲಕೋಟದ ಅರಮನಿ ವಾದ್ಯ ಅದು, ಸುಂದರಿ ಅಂತ ಹೆಸರು ಇಟ್ಟವರು ಅಲ್ಲಿಯ ರಾಜರ ಅಂತ ಹೇಳ್ತಾರ. ಸಿದ್ರಾಮ ಜಾಧವರು, ಅವರ ಮಗ ಚಿದಾನಂದ, ಈಗ ಭೀಮಣ್ಣ. ಸೊಲ್ಲಾಪುರದ ಒಂದ ಮನೆತನ ಅದನ್ನ ಹಿಡಕೊಂಡು ಬಂದದ. ನಮ್ಮ ಅಂಗಳದಾಗಿನ ವಾದ್ಯ. ಸಿದ್ರಾಮಪ್ಪನವರು ಗುಡಿ ಮುಂದ ಕುಂತು ಬಾರಸೂದನ್ನ ಎದುರು ಕುಂತು ನೋಡಿದವರು ಇನ್ನ ಎಷ್ಟು ಮಂದಿ ಉಳದಾರ? ಅವರನ್ನಾರ ಕೇಳಿ ಬರಕೊಂಡ್ರ ಛಲೋ. ಗಲ್ಲ ಹ್ಯಾಂಗ ತುಂಬತಿದ್ರು, ಉಸರು ಮುರೀದ ಹ್ಯಾಂಗ ನಡಸ್ತಿದ್ರು.

— ನಾ ಕೇಳಿ ಬರಕೋತೀನ್ರಿ. ಆದ್ರ ಅದು ನಾಳೆ. ಇವತ್ತ ಒಂದು ಕೇಳ್ತೀನಿ, ಒಲ್ಲೆ ಅನಬ್ಯಾಡ್ರಿ. ಸಂಜಿ ಭಜನಿಯೊಳಗ ನಿಮ್ಮ ಕೈನ ನಾ ತಗೀತೀನಿ. ಫೋನು ಪೂರ್ತಿ ಪೇಟಿ ಮ್ಯಾಲನ ಇಡ್ತೀನಿ.

— ಒಲ್ಲೆ.

— ಇಷ್ಟೆಲ್ಲಾ ಹೇಳಿ ಒಲ್ಲೆ ಅಂದ್ರ ಹ್ಯಾಂಗ್ರಿ?

— ತಗೀಬ್ಯಾಡ ಅನ್ನೂದಿಲ್ಲ. ಪೇಟಿ ಮ್ಯಾಲನ ಇಡಬ್ಯಾಡ ಅಂತೀನಿ. ನನ್ನ ಕೈ ಒಂದ ತಗದ್ರ ಅದು ಸುಳ್ಳಾಗ್ತದ. ನಾ ಯಾಕ ನಿಂತೆ, ಯಾಕ ಹೊಕ್ಕೆ, ನೋಡವರಿಗೆ ಹ್ಯಾಂಗ ತಿಳೀಬೇಕು? ಹಾಡವನ ಬಾಯಿ ಕಾಣಬೇಕು, ನನ್ನ ಕೈ ಕಾಣಬೇಕು, ಎರಡೂ ಒಂದ ಚಿತ್ರದಾಗ. ಮಠದಾಗ ಬಲಗಡೆ ಕಂಬದ ಗೂಟ ಅದ ಅಲ್ಲ, ಗಂಟಿ ತೂಗಹಾಕೂದು, ಅಲ್ಲಿಂದ ಎರಡೂ ಕಾಣ್ತಾವ. ಅಲ್ಲಿ ಕಟ್ಟು. ಕಟ್ಟಿ ಬಿಟ್ಟು ನೀ ಹೊಳ್ಳಿ ಬಂದು ತಾಳ ಹಿಡಿ. ಕ್ಯಾಮೆರಾ ಹಿಡದಾಕಿ ಎದುರು ಕುಂತ್ರ ನನ್ನ ಕೈ ಶಾಣ್ಯಾ ಆಗ್ತದ.

— ಗಾಳಿ ಬಂದ್ರ ಅಲಗಾಡ್ತದಲ್ರಿ.

— ಅರಬಿ ಸುತ್ತು. ಮತ್ತ ಒಂದು ಮಾತು: ಹಾಡು ಚಾಲೂ ಆದ ಮ್ಯಾಲ ಹಚ್ಚಬ್ಯಾಡ. ಮೊದಲ ಹಚ್ಚು. ತಬಲಾದಾಂವ ಕರಿ ಎರಡಕ್ಕ ಹತೋಡಿ ಬಡದು ಕೂಡಿಸ್ತಾನ, ನಾ ಸಾ ಹಿಡದು ಕುಂತಿರ್ತೀನಿ, ಹಾಡವ ಕೆಮ್ಮಿ ಗಂಟಲು ಸರಿ ಮಾಡ್ಕೋತಾನ. ಅದನ್ನ ಯಾರೂ ತಗದಿಲ್ಲ.

— ತಗೀತೀನ್ರಿ. ಹಿಂದ ಸಪ್ಪಳ?

— ಟ್ರಕ್ಕಿನದು ಬರ್ತದ. ಬರಲಿ. ತಗದು ಹಾಕಬ್ಯಾಡ. ಆ ಅರಬಿ ಇಲ್ಲಿ ಕೊಡು, ನಾಕು ಮನಿ ಒರಸೂದು ಉಳದದ.